ಮೊದಲು ‘ದೊಡ್ಡ’, ಆಮೇಲೆ ‘ಕೆಂಪು’

‘ಕೆಂಪು ದೊಡ್ಡ ಗಡಿಗೆ’ ಎಂದರೂ ಬಳ್ಳಾರಿಯ ಸಂತೆಯಲ್ಲಿ ಅರ್ಥವಾಗುತ್ತದೆ. ಆದರೂ ಬಾಯಿಗೆ ಸಹಜವಾಗಿ ಬರುವುದು ‘ದೊಡ್ಡ ಕೆಂಪು ಗಡಿಗೆ’ ಎಂದೇ. ಇಂಗ್ಲಿಷಿನಲ್ಲಿಯೂ ‘ಬಿಗ್ ರೆಡ್ ಪಾಟ್’ ಸರಿ, ‘ರೆಡ್ ಬಿಗ್ ಪಾಟ್’ ತಪ್ಪು. ಹೀಗೆ ಎರಡೂ ಭಾಷೆಗಳ ಹಾದಿ ಒಂದೇ ಆಗಿದ್ದರೂ ಕನ್ನಡ ಮಾಧ್ಯಮದ ಮಕ್ಕಳು ಗುಣವಾಚಕಗಳ ಕ್ರಮವನ್ನು ಬಾಯಿಪಾಠ ಮಾಡುವ ಕಷ್ಟದ ಸೂತ್ರವೆಂದೇ ತಿಳಿಯುತ್ತಾರೆ.

ಬಳ್ಳಾರಿಗೆ ಇಂಗ್ಲಿಷ್ ಹೊಸದಲ್ಲ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಈ ಸೀಮೆ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. 1846ರಲ್ಲಿ ವಾರ್ಡ್ಲಾ ಶಾಲೆ ಆರಂಭವಾಯಿತು. ಆದರೆ ನಿಘಂಟು ಹೇಳುವುದು ಪದದ ಅರ್ಥವನ್ನು; ಪದಗಳು ಯಾವ ಸರದಿಯಲ್ಲಿ ನಿಲ್ಲಬೇಕೆಂಬುದನ್ನಲ್ಲ.

ಆ ಸರದಿ ಇಂಗ್ಲಿಷರಿಗೂ ಪುಸ್ತಕದಿಂದ ಬಂದದ್ದಲ್ಲ. ಲೇಖಕ ಟೋಲ್ಕಿನ್ 1955ರ ಪತ್ರವೊಂದರಲ್ಲಿ ತಮ್ಮ ಬಾಲ್ಯದ ಪ್ರಸಂಗ ಹೇಳಿದ್ದಾರೆ. ಸುಮಾರು ಏಳನೆಯ ವಯಸ್ಸಿನಲ್ಲಿ ಅವರು ಕಥೆಯೊಂದರಲ್ಲಿ ‘ಗ್ರೀನ್ ಗ್ರೇಟ್ ಡ್ರ್ಯಾಗನ್’ ಎಂದು ಬರೆದಾಗ ತಾಯಿ ಅದನ್ನು ‘ಗ್ರೇಟ್ ಗ್ರೀನ್ ಡ್ರ್ಯಾಗನ್’ ಎಂದು ತಿದ್ದಿದರಂತೆ. ಕಾರಣ ಮಾತ್ರ ಅವರಿಗೆ ಮುಂದೆಯೂ ಹೊಳೆಯಲಿಲ್ಲ.

ಕಲಿಯುವವರಿಗಾಗಿ ವ್ಯಾಕರಣಕಾರರು ಕೊಡುವ ಸಾಮಾನ್ಯ ಕ್ರಮ ಹೀಗಿದೆ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು, ಉದ್ದೇಶ. ವಯಸ್ಸು, ಆಕಾರಗಳ ಸ್ಥಾನ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದುಂಟು. ಇದರ ಹಿಂದಿನ ತತ್ವ ಸರಳ. ವಸ್ತುವಿನಿಂದ ಬೇರ್ಪಡಿಸಲಾಗದ ಗುಣ ನಾಮಪದದ ಪಕ್ಕದಲ್ಲಿರುತ್ತದೆ. ನೋಡುವವರ ಅಭಿಪ್ರಾಯ ದೂರ ನಿಲ್ಲುತ್ತದೆ. ಗಡಿಗೆ ಮಣ್ಣಿನದೆಂಬುದು ಬದಲಾಗದು. ಅದು ಚೆಂದವೋ ಅಲ್ಲವೋ ಎಂಬುದು ಅವರವರ ಮಾತು. ‘ಚೆಂದದ ದೊಡ್ಡ ಕೆಂಪು ಮಣ್ಣಿನ ಗಡಿಗೆ’ ಎಂಬಲ್ಲಿ ಕನ್ನಡವೂ ಇದೇ ತತ್ವವನ್ನು ಪಾಲಿಸುತ್ತದೆ. ಸಿರುಗುಪ್ಪದಲ್ಲಿ ಕನ್ನಡದೊಡನೆ ಕೇಳಿಬರುವ ತೆಲುಗಿನ ರೂಢಿಯೂ ಇದೇ.

ಹಾಗಾದರೆ ತಪ್ಪಾಗುವುದೆಲ್ಲಿ? ಮುಖ್ಯವಾಗಿ ಮೂಲವನ್ನು ಹೇಳುವಾಗ. ಕನ್ನಡದಲ್ಲಿ ಊರಿನ ಹೆಸರು ಷಷ್ಠೀ ವಿಭಕ್ತಿ ಪಡೆದು ಮುಂದೆ ಬರುತ್ತದೆ: ‘ಸಿರುಗುಪ್ಪದ ಹೊಸ ಅಕ್ಕಿ’. ಇಂಗ್ಲಿಷಿನಲ್ಲಿ ಊರು ನಾಮಪದಕ್ಕೆ ಅಂಟಿ ನಿಲ್ಲುತ್ತದೆ: ‘ನ್ಯೂ ಸಿರುಗುಪ್ಪ ರೈಸ್’. ಮಗು ‘ಸಿರುಗುಪ್ಪ ನ್ಯೂ ರೈಸ್’ ಎಂದು ಬರೆದರೆ ಅದು ಅಜ್ಞಾನವಲ್ಲ. ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಫಲ. ಹಾಗೆಯೇ ಕನ್ನಡದಲ್ಲಿ ‘ದೊಡ್ಡ ಸುಂದರವಾದ ಮನೆ’ ಎಂದರೂ ನಡೆಯುತ್ತದೆ. ಇಂಗ್ಲಿಷ್ ಸಾಮಾನ್ಯವಾಗಿ ‘ಸುಂದರ’ವನ್ನು ಮೊದಲಿಡುತ್ತದೆ.

ಇನ್ನೊಂದು ಎಚ್ಚರಿಕೆ. ವಿಶೇಷಣ ಹೆಸರಿನೊಳಗೇ ಸೇರಿಹೋದರೆ ಸರದಿಯ ಪ್ರಶ್ನೆ ಏಳದು. ಕುರುಗೋಡಿನ ದೊಡ್ಡಬಸವೇಶ್ವರನ ಹೆಸರಿನಲ್ಲಿರುವ ‘ದೊಡ್ಡ’ ಈಗ ಬರಿಯ ಗಾತ್ರವಲ್ಲ, ಹೆಸರಿನ ಭಾಗ. ಕೇಶಿರಾಜನಂಥ ವೈಯಾಕರಣರು ಚರ್ಚಿಸಿದ ಸಮಾಸದ ಸಂಗತಿ ಇದು. ಇಂಗ್ಲಿಷಿನ ‘ಬ್ಲ್ಯಾಕ್‌ಬೋರ್ಡ್’ ಸಹ ಹಾಗೆಯೇ. ಅದಕ್ಕೆ ಹಸಿರು ಬಳಿದರೂ ಹೆಸರು ಒಡೆಯದು.

ಎಂಟು ಹೆಸರುಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವ ಬದಲು, ಮಕ್ಕಳಿಗೆ ಈಗಾಗಲೇ ಗೊತ್ತಿರುವ ಕನ್ನಡದ ಸಾಲನ್ನೇ ಮುಂದಿಟ್ಟು ಎಲ್ಲಿ ದಾರಿ ಬೇರೆಯಾಗುತ್ತದೆಂದು ತೋರಿಸಿದರೆ ಪಾಠದ ಭಾರ ಬಹಳಷ್ಟು ಇಳಿಯುತ್ತದೆ. ಕೆಂಪು ಶಾಯಿಯಲ್ಲಿ ಬರಿದೆ ಅಡ್ಡಗೆರೆ ಎಳೆದರೆ ಮಗುವಿಗೆ ತಿಳಿಯುವುದು ತಪ್ಪಾಯಿತೆಂಬುದು ಮಾತ್ರ, ಏಕೆ ತಪ್ಪಾಯಿತೆಂಬುದಲ್ಲ.