ಹಲ್ಲಿನ ಎಕ್ಸ್-ರೇ ಮತ್ತು ಕೆಲ್ಸ್‌ನ ಕೈ

ಮೊನ್ನೆ ಹಲ್ಲುನೋವು ಅಂತ ಇಲ್ಲಿನ ಡೆಂಟಿಸ್ಟ್ ಹತ್ರ ಹೋಗಿದ್ದೆ. ನರ್ಸಮ್ಮ ಬಾಯೊಳಗೆ ಸೆನ್ಸರ್ ತುರುಕಿ, ಹೋಲ್ಡರ್ ಕಚ್ಚಿ ಹಿಡ್ಕೊಳ್ಳಿ ಅಂದು, ತಾವು ರೂಮಿನಿಂದ ಹೊರಗೆ ಹೋಗಿ ಬಟನ್ ಒತ್ತಿದರು. ನನ್ನನ್ನ ಕೂರಿಸಿ ತಾವು ಮಾತ್ರ ಓಡಿಹೋಗ್ತಾರಲ್ಲ ಅಂತ ನಗು ಬಂತು. ಮನೆಗೆ ಬಂದು ಇದರ ಇತಿಹಾಸ ಓದಿದ ಮೇಲೆ ಆ ನಗು ಉಳಿಯಲಿಲ್ಲ.

ರಾಂಟ್ಗನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಜನವರಿಯಲ್ಲೇ ಜರ್ಮನಿಯ ದಂತವೈದ್ಯ ಓಟೊ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರ ತೆಗೆಸಿಕೊಂಡ. ಬಾಯಲ್ಲಿ ಗಾಜಿನ ಪ್ಲೇಟು ಇಟ್ಟುಕೊಂಡು 25 ನಿಮಿಷ!

ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಅನ್ನೋ ದಂತವೈದ್ಯನೂ ಇದಕ್ಕೆ ಕೈಹಾಕಿದ. ಫಿಲ್ಮು ಹಲ್ಲಿಗೆ ಸಮಾನಾಂತರವಾಗಿರಬೇಕು, ಕಿರಣ ನೇರವಾಗಿ ಬೀಳಬೇಕು ಅಂದವನು ಇವನೇ. ಇಲ್ಲದಿದ್ದರೆ ಸಂಜೆಯ ನೆರಳಿನ ಹಾಗೆ ಹಲ್ಲು ಉದ್ದವಾಗಿಯೋ ಗಿಡ್ಡವಾಗಿಯೋ ಮೂಡುತ್ತೆ. ನಾನು ಕಚ್ಚಿದ ಹೋಲ್ಡರ್ ಕೂಡ ಇದೇ ಲೆಕ್ಕದ್ದು.

ಆದರೆ ಆಗ ಟ್ಯೂಬನ್ನು ಹೊಂದಿಸುತ್ತಿದ್ದದ್ದು ಹೇಗೆ ಗೊತ್ತೆ? ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ, ಹೊಳೆಯುವ ಪರದೆಯ ಮೇಲೆ ಮೂಳೆ ಸ್ಪಷ್ಟವಾಗಿ ಕಾಣುವ ತನಕ ತಿದ್ದುವುದು. ನಾವು ಪ್ರೊಡಕ್ಷನ್ ಸರ್ವರಿನಲ್ಲೇ ಟೆಸ್ಟ್ ಮಾಡಿಬಿಡ್ತೀವಲ್ಲ, ಹಾಗೆ. ಇಲ್ಲಿ ಸರ್ವರ್ ಅಂದ್ರೆ ಸ್ವಂತ ಮೈ.

1901ರಲ್ಲೇ ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಕೊಲ್ಲಬಲ್ಲದು ಅಂತ ಬರೆದಿದ್ದ. ಕಿವಿಗೊಟ್ಟವರು ಕಡಿಮೆ. ಕೆಲ್ಸ್‌ನ ಬೆರಳುಗಳಿಗೆ ಕ್ಯಾನ್ಸರ್ ಬಂತು. ಮೊದಲು ಬೆರಳು, ಆಮೇಲೆ ಕೈ, ಕೊನೆಗೆ ತೋಳನ್ನೇ ಕತ್ತರಿಸಬೇಕಾಯಿತು. 1928ರಲ್ಲಿ ಆತ ತಾನೇ ಪ್ರಾಣ ಕಳೆದುಕೊಂಡ.

ಅಂದ ಹಾಗೆ, ನನ್ನ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಂತೆ. ಮುಂದಿನ ವಾರ ಇನ್ನೊಂದು ಎಕ್ಸ್-ರೇ ಇದೆ.