ಪ್ರೇತಗಳು ಗೆದ್ದುಕೊಟ್ಟ ಯುದ್ಧ

1916ರಲ್ಲಿ ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ ಕಾದಾಡಿದ ಬ್ರಿಟಿಷ್ ಸೇನೆಯಲ್ಲಿ ಜೆ.ಆರ್.ಆರ್. ಟೋಲ್ಕಿನ್ ಕೂಡ ಇದ್ದರು. ಅವರ ಆಪ್ತ ಗೆಳೆಯರಲ್ಲಿ ಹಲವರನ್ನು ಆ ಮಹಾಯುದ್ಧ ನುಂಗಿತು. ಯುದ್ಧವನ್ನು ಕಣ್ಣಾರೆ ಕಂಡ ಈ ಲೇಖಕನ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿ 1954-55ರಲ್ಲಿ ಪ್ರಕಟವಾಯಿತು. ಪೀಟರ್ ಜಾಕ್ಸನ್ ಅದನ್ನು ತೆರೆಗೆ ತಂದರು. 2003ರ ಮೂರನೆಯ ಚಿತ್ರ 11 ಆಸ್ಕರ್ ಗಳಿಸಿತು. ಆದರೆ ಗೊಂಡೋರ್ ರಾಜಧಾನಿಯೆದುರಿನ ಮಹಾಕಾಳಗ ಎರಡರಲ್ಲೂ ಒಂದೇ ಅಲ್ಲ.

ಚಿತ್ರದಲ್ಲಿ ನಾಯಕ ಅರಗಾರ್ನ್‌ನೊಂದಿಗೆ ಹಡಗಿನಿಂದ ಇಳಿಯುವುದು ಪ್ರೇತಸೇನೆ. ಅದು ನೋಡನೋಡುತ್ತಲೇ ಶತ್ರುಗಳನ್ನು ಗುಡಿಸಿಹಾಕುತ್ತದೆ. ಕಾದಂಬರಿಯಲ್ಲಾದರೋ ಪ್ರೇತಗಳ ಕೆಲಸ ದೂರದ ಪೆಲಾರ್ಗಿರ್ ಬಂದರಿನಲ್ಲಿ ಕಡಲ್ಗಳ್ಳರನ್ನು ಬೆದರಿಸಿ ಓಡಿಸುವಲ್ಲಿಗೇ ಮುಗಿಯುತ್ತದೆ. ಆ ಹಡಗುಗಳಲ್ಲಿ ಬರುವವರು ಗೊಂಡೋರಿನ ದಕ್ಷಿಣ ಸೀಮೆಯ ಜೀವಂತ ಮನುಷ್ಯರು. ಅವರು ಸಂಜೆಯವರೆಗೆ ಹೋರಾಡುತ್ತಾರೆ. ಗೆದ್ದವರ ಕಡೆಯಲ್ಲೂ ಅನೇಕರು ಮಡಿಯುತ್ತಾರೆ.

ಇನ್ನೊಂದು ವ್ಯತ್ಯಾಸ ಯುದ್ಧಾನಂತರದ್ದು. ಆನೆಯಂಥ ಮೃಗಗಳನ್ನೇರಿ ಬರುವ ಹರಾದ್ ನಾಡಿನವರ ಚಿತ್ರಣದಲ್ಲಿ ಯುರೋಪಿನ ಹಳೆಯ ಪೂರ್ವಗ್ರಹದ ನೆರಳಿರುವುದನ್ನು ನಾವು ಮರೆಮಾಚಬೇಕಿಲ್ಲ. ಆದರೂ ಕಾದಂಬರಿಯಲ್ಲಿ ಪಟ್ಟವೇರಿದ ಅರಗಾರ್ನ್ ಶರಣಾದ ಪೂರ್ವದೇಶದವರನ್ನು ಕ್ಷಮಿಸಿ ಬಿಡುಗಡೆ ಮಾಡುತ್ತಾನೆ, ಹರಾದ್ ಜನರೊಡನೆ ಸಂಧಿ ಮಾಡಿಕೊಳ್ಳುತ್ತಾನೆ, ಶತ್ರುವಿನ ಗುಲಾಮರನ್ನು ಬಿಡಿಸಿ ಭೂಮಿ ಕೊಡುತ್ತಾನೆ. ಚಿತ್ರದಲ್ಲಿ ಪಟ್ಟಾಭಿಷೇಕವಿದೆ, ಸಂಧಿಯಿಲ್ಲ.

ಮಕ್ಕಾ ವಿಜಯದಂದು ಪ್ರವಾದಿ(ಸ)ಯವರು ಶತ್ರುಗಳಿಗೆ ನೀಡಿದ ಕ್ಷಮೆಯನ್ನು ಕೇಳಿ ಬೆಳೆದ ನಮಗೆ ಈ ಕೊರತೆ ಸಣ್ಣದೆನಿಸದು. ಪ್ರೇತಗಳು ಗೆದ್ದುಕೊಟ್ಟ ಯುದ್ಧದಲ್ಲಿ ಗೆಲುವಿನ ಬೆಲೆ ಕಾಣುವುದಿಲ್ಲ. ಸಂಧಿಯಿಲ್ಲದ ಕತೆಯಲ್ಲಿ ಸೋತವನಿಗೂ ಒಂದು ಮನೆಯಿದೆಯೆಂಬುದು ಕಾಣುವುದಿಲ್ಲ. ಮಕ್ಕಳೊಂದಿಗೆ ಚಿತ್ರ ನೋಡುವಾಗ, ಅದು ಕೈಬಿಟ್ಟ ಆ ಪುಟವನ್ನೂ ನಾವು ಅವರಿಗೆ ಹೇಳೋಣ.