ಮೂರನೆಯ ತಂತಿ

ಹೋದ ವರ್ಷ ನನ್ನ ಹಾಸ್ಟೆಲಿನ ಗೆಳೆಯನೊಬ್ಬ ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಿಂದ ಹಳೆಯ ಮೈಕ್‌ಸೆಟ್ ಆಂಪ್ಲಿಫೈಯರ್ ಒಂದನ್ನು ಹೊತ್ತು ತಂದ. ತಗಡಿನ ಪೆಟ್ಟಿಗೆ, ಮುಂದೆ ನಾಲ್ಕು ತಿರುಗಣೆ, ಒಳಗೆ ಗಾಜಿನ ವಾಲ್ವುಗಳು. ಒಂದೆರಡು ವಾಲ್ವಿನ ಮೇಲೆ ಬಿಇಎಲ್ ಮುದ್ರೆ ಇನ್ನೂ ಓದುವಂತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಮುಂದಿನ ದಶಕದಲ್ಲಿ ರೇಡಿಯೊ ವಾಲ್ವುಗಳನ್ನೂ ತಯಾರಿಸುತ್ತಿತ್ತು. ಯಾವ ಊರಿನ ಜಾತ್ರೆಯಲ್ಲಿ, ಯಾರ ಮನೆಯ ಮದುವೆಯಲ್ಲಿ ಆ ಪೆಟ್ಟಿಗೆ ಕೂಗಿತ್ತೋ. ಗೆಳೆಯನಿಗೆ ಅದರಲ್ಲಿ ಗಿಟಾರ್ ನುಡಿಸುವ ಆಸೆ. ವಿಭಾಗದ ಸಭಾಂಗಣದಲ್ಲಿ ಗಿಟಾರ್ ಸಿಕ್ಕಿಸಿ ನುಡಿಸಿದ, ನಾದ ಚೆನ್ನಾಗಿಯೇ ಬಂತು. ಹಾಡಲೆಂದು ಸಭಾಂಗಣದ ಮೈಕಿಗೆ ಬಾಯಿ ಒಡ್ಡಿದ್ದೇ ತಡ, ತುಟಿಗೆ ಚಟ್ಟನೆ ಶಾಕ್ ಹೊಡೆಯಿತು. ನಾವೆಲ್ಲ ನಕ್ಕೆವು. ಅವನೂ ನಕ್ಕ.

ಧ್ವನಿವರ್ಧಕಗಳ ಸಾಮಾಜಿಕ ಇತಿಹಾಸ ನನ್ನ ಸಂಶೋಧನೆಯ ವಿಷಯ. ಅಲ್ಲಿಯತನಕ ನಾನು ಓದಿದ್ದೆಲ್ಲ ಭಾಷಣ, ಸಭೆ, ಜನಸ್ತೋಮಗಳ ಬಗ್ಗೆ. ಆ ತಗಡಿನಲ್ಲಿ ಏನು ಹರಿಯುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಧ್ವನಿವರ್ಧಕ ಹುಟ್ಟಿದ್ದು ಮಾತಿಗಾಗಿ. 1915ರ ಕ್ರಿಸ್‌ಮಸ್ ಹಿಂದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೊದ ನಗರ ಸಭಾಭವನದ ಮುಂದೆ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ತಮ್ಮ ಮ್ಯಾಗ್ನವಾಕ್ಸ್ ಕಹಳೆಗಳನ್ನು ಭಾರಿ ಜನಸಂದಣಿಗೆ ಕೇಳಿಸಿದರು. ಅದರಲ್ಲಿ ವಾಲ್ವ್ ಇರಲಿಲ್ಲ. ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ್ದ ಆಡಿಯಾನ್ ವಾಲ್ವು ವರ್ಧನೆಯ ಕೆಲಸಕ್ಕೆ ಪಳಗಿದ್ದು ಆಮೇಲೆ. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯೇಗೊದ ಕ್ರೀಡಾಂಗಣದಲ್ಲಿ ಧ್ವನಿವರ್ಧಕದ ಮೂಲಕ ಮಾತಾಡಿದರು. ನಮ್ಮಲ್ಲಿ ಬೊಂಬಾಯಿಯ ಮೋಟ್ವಾನೆ ಕುಟುಂಬದ ‘ಶಿಕಾಗೊ ರೇಡಿಯೊ’ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಒದಗಿಸಿತು. ಗಾಂಧೀಜಿ, ನೆಹರೂ ಅವರ ಹಳೆಯ ಫೋಟೊಗಳಲ್ಲಿ ಮೈಕಿನ ಮೇಲೆ ಆ ಹೆಸರು ಈಗಲೂ ಕಾಣುತ್ತದೆ. ಅಲ್ಲಿ ಮಾತಾಡುವವರು ಒಂದು ಕಡೆ, ಆಂಪ್ಲಿಫೈಯರ್ ವೇದಿಕೆಯ ಹಿಂದೆ ಮೈಕಿನವನ ಪಕ್ಕದಲ್ಲಿ. ಭಾಷಣಕಾರರು ಸಾಮಾನ್ಯವಾಗಿ ಮೈಕನ್ನು ಮುಟ್ಟುತ್ತಲೂ ಇರಲಿಲ್ಲ.

ಗಿಟಾರ್ ಈ ಮನೆಗೆ ಬಂದದ್ದು ಬಾಡಿಗೆದಾರನಂತೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರ್ ಮಾರುಕಟ್ಟೆಗೆ ಬಂತು. 1938ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿ ಲಿಯೊ ಫೆಂಡರ್ ರೇಡಿಯೊ ರಿಪೇರಿ ಅಂಗಡಿ ತೆರೆದ. ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಕಟ್ಟಿ ಬಾಡಿಗೆಗೆ ಕೊಡುವುದೂ ಅವನ ಕಸುಬಾಗಿತ್ತು. ಗಿಟಾರ್ ಆಂಪ್ಲಿಫೈಯರಿನ ದೊಡ್ಡ ಹೆಸರು ಹುಟ್ಟಿದ್ದು ಒಬ್ಬ ಮೈಕಿನವನ ಮೇಜಿನ ಮೇಲೆ ಎಂದರೆ ತಪ್ಪಾಗಲಾರದು. ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ಡ್ರಮ್ ಮಾರುತ್ತಿದ್ದ ಜಿಮ್ ಮಾರ್ಷಲ್‌ನ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಫೆಂಡರ್ ಬಾಸ್‌ಮನ್ ನಕ್ಷೆಯನ್ನೇ ಎದುರಿಗಿಟ್ಟುಕೊಂಡು 1962ರಲ್ಲಿ ಮೊದಲ ಮಾರ್ಷಲ್ ಕಟ್ಟಿದರು. ಮೈಕ್‌ಸೆಟ್ ತಯಾರಕರು ಧ್ವನಿ ಒಡೆಯುವುದನ್ನು ದೋಷವೆಂದು ಅಳೆದು ಕಡಿಮೆ ಮಾಡುತ್ತಿದ್ದರು. ಗಿಟಾರಿನವರು ಆ ಒಡಕಿಗೇ ಮನಸೋತರು. ವಾಲ್ವನ್ನು ಅದರ ಮಿತಿಗೆ ತಳ್ಳಿದಾಗ ಧ್ವನಿ ಒಮ್ಮೆಗೇ ಹರಿಯುವುದಿಲ್ಲ, ಅಂಚು ಸವೆದಂತೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಹಳೆಯ ಮೈಕ್‌ಸೆಟ್‌ಗಳನ್ನು ಗಿಟಾರಿಗೆ ಒಗ್ಗಿಸುವ ಹುಚ್ಚು ಇಂದಿಗೂ ಇರುವುದು ಇದಕ್ಕೇ.

ಈ ಸ್ಥಳಾಂತರದಲ್ಲಿ ಒಂದು ಸಂಗತಿ ಬದಲಾಯಿತು. ಅದಕ್ಕೆ ನಾದದ ಚರಿತ್ರೆಕಾರರು ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ ಎಂದು ನನಗನಿಸುತ್ತದೆ. ಗುಂಯ್‌ಗುಡುವ ಸದ್ದು ಅಡಗಲೆಂದು ವಿದ್ಯುತ್ ಗಿಟಾರಿನ ಲೋಹದ ತಂತಿಗಳನ್ನು ಕೇಬಲ್ಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿನ ತಗಡಿಗೇ ಜೋಡಿಸಿರುತ್ತಾರೆ. ಹಾಗಾಗಿ ತಂತಿ ಮುಟ್ಟಿದವನು ಪೆಟ್ಟಿಗೆಯನ್ನೇ ಮುಟ್ಟಿದಂತೆ. ಅವನು ಇನ್ನೊಂದು ಸೆಟ್ಟಿನ ಮೈಕಿಗೆ ತುಟಿ ತಾಗಿಸಿದರೆ ಎರಡು ಯಂತ್ರಗಳ ನಡುವಿನ ಸೇತುವೆ ಅವನ ಮೈ.

1965ರ ಡಿಸೆಂಬರಿನಲ್ಲಿ ಸ್ಯಾಕ್ರಮೆಂಟೊದ ವೇದಿಕೆಯ ಮೇಲೆ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಗಿಟಾರನ್ನು ಮೈಕಿನ ಕಂಬಕ್ಕೆ ತಾಗಿಸಿ ಪ್ರಜ್ಞೆ ತಪ್ಪಿ ಬಿದ್ದ. ರಬ್ಬರ್ ಅಟ್ಟೆಯ ಶೂ ಅವನನ್ನು ಉಳಿಸಿತು ಎಂಬ ಮಾತಿದೆ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಲೆಸ್ಲಿ ಹಾರ್ವೆ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತ. ಅದಕ್ಕೆ ಸರಿಯಾದ ಅರ್ಥಿಂಗ್ ಇರಲಿಲ್ಲ. 1976ರ ಮೇ ತಿಂಗಳಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಗಿಟಾರ್ ನುಡಿಸುತ್ತ ವಿದ್ಯುದಾಘಾತದಿಂದ ತೀರಿಕೊಂಡ. ಇವನ್ನು ಓದಿದ ರಾತ್ರಿ ನಮ್ಮ ನಗು ನೆನಪಾಗಿ ನಾಚಿಕೆಯಾಯಿತು.

ಪೆಟ್ಟಿಗೆಯನ್ನು ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿ ಒಯ್ದೆವು. ನಲವತ್ತು ವರ್ಷ ಮೈಕ್‌ಸೆಟ್ ರಿಪೇರಿ ಮಾಡಿದವರು. ನಾವು ನಾದದ ಬಗ್ಗೆ ಹೇಳತೊಡಗಿದರೆ ಅವರು ಪ್ಲಗ್ ಕೈಗೆತ್ತಿಕೊಂಡು, “ಮೊದಲು ಇದು, ಆಮೇಲೆ ನಿಮ್ಮ ಸಂಗೀತ” ಎಂದರು. ಯಾರೋ ಎಂದೋ ಮೂರೆಳೆಯ ವೈರು ತೆಗೆದು ಎರಡೆಳೆಯದನ್ನು ಹಾಕಿದ್ದರು. ಒಳಗೆ ಕರೆಂಟಿನ ಒಂದು ಎಳೆಯಿಂದ ತಗಡಿಗೆ ಒಂದು ಕೆಪಾಸಿಟರ್ ಕೂತಿತ್ತು, ಗರಗರ ಸದ್ದು ತಗ್ಗಿಸಲು ಹಾಕುತ್ತಿದ್ದುದು. ಹಳೆಯ ಅಮೆರಿಕನ್ ಸೆಟ್‌ಗಳಲ್ಲಿ ಇಂಥದ್ದಕ್ಕೆ ಗಿಟಾರಿನವರು ಇಟ್ಟ ಹೆಸರೇ ಸಾವಿನ ಕೆಪಾಸಿಟರ್. ಇದರ ಮೇಲೆ 0.05 ಮೈಕ್ರೊಫ್ಯಾರಡ್ ಎಂದಿತ್ತು. ನಮ್ಮ 230 ವೋಲ್ಟಿನಲ್ಲಿ ಅದರ ಮೂಲಕ ಸುಮಾರು 3.6 ಮಿಲಿಆಂಪ್ ಹರಿಯಬಲ್ಲದು: ತುಟಿ ಚುರುಗುಟ್ಟಿಸುವಷ್ಟು. ಹಳತಾಗಿ ಅದು ಒಳಗೇ ಶಾರ್ಟ್ ಆದರೆ ಮಾತ್ರ ಲೆಕ್ಕ ಬೇರೆ. ತಗಡು, ಗಿಟಾರಿನ ತಂತಿ ಎಲ್ಲವೂ ನೇರ ಕರೆಂಟಿನ ತಂತಿಯೇ. ಎದೆಯ ಮೂಲಕ ಕೆಲವು ಹತ್ತು ಮಿಲಿಆಂಪ್ ಹಾದರೂ ಹೃದಯದ ಲಯ ತಪ್ಪಬಹುದು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೂ ಒಳಗೆ ಕೈ ಹಾಕಲಿಲ್ಲ. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು 400 ವೋಲ್ಟಿನಷ್ಟನ್ನು ಹಾಗೇ ಹಿಡಿದಿಟ್ಟುಕೊಂಡಿರಬಹುದು. ಒಂದು ಕೈ ಬೆನ್ನ ಹಿಂದೆ ಇಟ್ಟು, ಇನ್ನೊಂದರಿಂದ ರೆಸಿಸ್ಟರ್ ಕಟ್ಟಿದ ತಂತಿ ತಾಗಿಸಿ ಇಳಿಸಿದರು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮುಟ್ಟಿದರು. ಸಾವಿನ ಕೆಪಾಸಿಟರನ್ನು ಕತ್ತರಿಸಿ ಎಸೆದರು. ಮೂರೆಳೆಯ ವೈರು ಹಾಕಿ, ಹಸಿರು ಎಳೆಗೆ ತಗಡನ್ನು ಹೊಳೆಯುವಂತೆ ಉಜ್ಜಿ ಬೇರೆಯದೇ ಬೋಲ್ಟ್ ಕೊಟ್ಟರು. ಫ್ಯೂಸನ್ನು ಫೇಸಿನ ಎಳೆಗೆ ತಂದರು. ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನೂ, ಸೋರತೊಡಗಿದ್ದ ಕಾಗದದ ಕೆಪಾಸಿಟರ್‌ಗಳನ್ನೂ ಬದಲಿಸಿದರು. ಅವು ಸೋರಿದರೆ ಮುಂದಿನ ವಾಲ್ವಿನ ಗ್ರಿಡ್ಡಿಗೆ ಹೈ ವೋಲ್ಟೇಜ್ ನುಗ್ಗಿ ವಾಲ್ವು ಕೆಂಪಗೆ ಕಾದು ಸಾಯುತ್ತದೆ.

ಗಿಟಾರಿಗಾಗಿ ಮಾಡಿದ್ದು ಕಡಿಮೆಯೇ. ಮೈಕಿನ ಟ್ರಾನ್ಸ್‌ಫಾರ್ಮರ್ ದಾಟಿಸಿ 1 ಮೆಗಾಓಮಿನ ಹೊಸ ಇನ್‌ಪುಟ್ ಕೊಟ್ಟರು, ಗಿಟಾರಿನ ಕ್ಷೀಣ ಸಂಕೇತ ಅಲ್ಲೇ ನಂದಿಹೋಗದಿರಲೆಂದು. ಹಿಂದೆ 4, 8, 16 ಓಮ್, 100 ವೋಲ್ಟ್ ಎಂದು ತಿರುಪುಗಳಿದ್ದವು. ಕೊನೆಯದು ಊರಿನ ಕಂಬಗಳ ಮೇಲಿನ ದೂರದ ಕಹಳೆಗಳಿಗೆ. ನಮ್ಮ 12 ಇಂಚಿನ 8 ಓಮ್ ಸ್ಪೀಕರನ್ನು 8ಕ್ಕೇ ಕಟ್ಟಿ, ಸ್ಪೀಕರಿಲ್ಲದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ ಎಂದರು. ಟ್ರಾನ್ಸ್‌ಫಾರ್ಮರೇ ಇಲ್ಲದೆ ನೇರ ಕರೆಂಟಿನ ಮೇಲೆ ಓಡುವ ಹಳೆಯ ಸೆಟ್ ಸಿಕ್ಕಿದರೆ ತರಲೇಬೇಡಿ ಎಂದೂ ಸೇರಿಸಿದರು. ನಾನು ಇದನ್ನೆಲ್ಲ ನೋಡಿದ್ದೇನೆ, ಮಾಡಿಲ್ಲ. ಮಾಡುವ ಧೈರ್ಯವೂ ಇಲ್ಲ.

ಹೊರಡುವಾಗ ಒಂದು ಬಲ್ಬ್ ಹೋಲ್ಡರಿಗೆ ಎರಡು ಉದ್ದದ ವೈರು ಕಟ್ಟಿಕೊಂಡು ಅವರೂ ನಮ್ಮ ಜೊತೆ ಬಂದರು. ಹಾಸ್ಟೆಲಿನ ಕೋಣೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದರು, ಬಲ್ಬ್ ಉರಿಯಿತು. ಫೇಸ್ ಮತ್ತು ಮೇಲಿನ ದಪ್ಪ ತೂತಿನ ನಡುವೆ ಹಿಡಿದರು. ಉರಿಯಲಿಲ್ಲ. ಮೈನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಅರ್ಥಿಂಗಿನ ಹಿತ್ತಾಳೆಯ ತಿರುಪು ಫಳಫಳ ಹೊಸದಾಗಿತ್ತು. ಅದಕ್ಕೆ ಯಾವ ತಂತಿಯೂ ಬಂದು ಸೇರಿರಲಿಲ್ಲ. ಅಕ್ಕಪಕ್ಕದ ಮೂರು ಕೋಣೆಗಳಲ್ಲೂ ಅದೇ ಕತೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲವೂ ಅದೇ ತೂತಿಗೆ.

ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಆಂಪ್ಲಿಫೈಯರ್ ಗೆಳೆಯನ ಮಂಚದ ಕೆಳಗಿದೆ.